ಅಕ್ಕನ ಕಾಲಿನ ಮಾಯದ ಗಾಯ

ನನ್ನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಅವನ ಮಗನಿಗೆ ಈಗ ಎಂಟು ವರ್ಷ. ಭಾನುವಾರ ಬೆಳಿಗ್ಗೆ ರಾಯಚೂರಿನಲ್ಲಿ ನಾನು ಎರಡನೇ ಸಲ ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ಮಧ್ಯಾಹ್ನವಾಗಿರುತ್ತದೆ. ಆಗ ವಿಡಿಯೊ ಕರೆ ಬರುತ್ತದೆ. ಕಳೆದ ಮಾರ್ಚ್‌ನ ಒಂದು ಭಾನುವಾರ ಹುಡುಗನ ಮುಖ ಊದಿಕೊಂಡಿತ್ತು.

"ತಾತಾ, ಶುಕ್ರವಾರ ನನ್ನನ್ನ ಆಟಕ್ಕೇ ಬಿಡಲಿಲ್ಲ" ಎಂದ.

"ಯಾಕಪ್ಪ, ಏನು ತಪ್ಪು ಮಾಡಿದಿ?"

"ಟೋಪಿ ಮರೆತಿದ್ದೆ. ಟೋಪಿ ಇಲ್ಲ ಅಂದ್ರೆ ಆಟ ಇಲ್ಲ. ಎಲ್ಲರೂ ಆಡ್ತಿದ್ರು, ನಾನೊಬ್ಬನೇ ನೆರಳಲ್ಲಿ ಕೂತಿದ್ದೆ."

ನನಗೆ ನಗು ಬಂತು. "ನಿಮ್ಮೂರಾಗ ಎಷ್ಟಪ್ಪ ಬಿಸಿಲು?" ಎಂದೆ. "ಇಪ್ಪತ್ತೈದು ಡಿಗ್ರಿ" ಎಂದ. "ನಮ್ಮ ರಾಯಚೂರಾಗ ಇವತ್ತು ನಲವತ್ತರ ಹತ್ತಿರ ಅದ. ಹುಡುಗರು ಬರೇ ತಲೆಯಲ್ಲಿ ಕ್ರಿಕೆಟ್ ಆಡಾಕ ಹತ್ಯಾರ, ನೋಡು" ಎಂದು ಫೋನನ್ನು ಕಿಟಕಿಯ ಕಡೆ ತಿರುಗಿಸಿದೆ. ಅವನು ನೋಡಿ ನಗಲಿಲ್ಲ. ಬಹಳ ಗಂಭೀರವಾಗಿ ಕೇಳಿದ: "ತಾತಾ, ಬಿಸಿಲಿನಿಂದ ಚರ್ಮಕ್ಕೆ ಕ್ಯಾನ್ಸರ್ ಬರುತ್ತೆ ಅಂತ ಟೀಚರ್ ಹೇಳಿದ್ದಾರೆ. ನಿಮ್ಮೂರಲ್ಲಿ ಯಾರಿಗೂ ಬರಲ್ವಾ?"

ನನ್ನ ನಗು ಅಲ್ಲಿಗೇ ನಿಂತಿತು. ನಮ್ಮ ಮನೆಯಲ್ಲೇ ಬಂದಿತ್ತು. ನನ್ನ ಅಕ್ಕನಿಗೆ. ಆದರೆ ಅದು ಬಿಸಿಲಿನಿಂದ ಬಂದದ್ದಲ್ಲ. ಅದು ಎರಡು ವರ್ಷ ನಮ್ಮ ಕಣ್ಣೆದುರಿಗೇ ಇದ್ದರೂ ನಮಗೆ ಕಾಣದೆ ಹೋದದ್ದರಲ್ಲಿ ನನ್ನ ಪಾಲು ದೊಡ್ಡದು. ಆ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಅದಕ್ಕೂ ಮೊದಲು ಅವನ ಟೋಪಿಯ ವಿಷಯ ಮುಗಿಸಿಬಿಡೋಣ.

ಆಸ್ಟ್ರೇಲಿಯಾದಲ್ಲಿ ಇಂದು ಇರುವವರಲ್ಲಿ ಬಹಳ ಮಂದಿ ಯುರೋಪಿನ ಮಂದ ಬಿಸಿಲಿನ ನಾಡುಗಳಿಂದ ಹೋದವರ ಮಕ್ಕಳು, ಮೊಮ್ಮಕ್ಕಳು. ಚರ್ಮ ಬಿಳಿ, ಬಿಸಿಲು ಪ್ರಖರ. ಬಿಸಿಲಿನಲ್ಲಿ ನಮಗೆ ಕಾಣುವ ಬೆಳಕು, ಮೈಗೆ ತಾಗುವ ಶಾಖ ಇವೆರಡೇ ಅಲ್ಲದೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೂ ಇವೆ. ಚರ್ಮದ ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಡುವುದು ಶಾಖವಲ್ಲ, ಈ ಕಿರಣ. ಆದ್ದರಿಂದಲೇ ಇಪ್ಪತ್ತೈದು ಡಿಗ್ರಿಯ ತಂಪು ದಿನದಲ್ಲೂ ಅವನ ಶಾಲೆಯವರು ಟೋಪಿ ಕೇಳುತ್ತಾರೆ. ಥರ್ಮಾಮೀಟರ್ ನೋಡಿ ನಕ್ಕವನು ನಾನೇ ದಡ್ಡ. ಆ ದೇಶದಲ್ಲಿ 1981ರಲ್ಲೇ ಒಂದು ಕಡಲಹಕ್ಕಿಯ ಕಾರ್ಟೂನ್ ಮಾಡಿ, ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಇಡಿ ಎಂದು ಟಿವಿಯಲ್ಲಿ ಹಾಡಿಸಿ ಮಕ್ಕಳಿಗೆ ಕಲಿಸಿದರು.

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಹೆಚ್ಚು. ಅದು ಹುಟ್ಟಿನಿಂದಲೇ ನಮಗೆ ಸಿಕ್ಕ ಕೊಡೆ. ಆದ್ದರಿಂದ ನಮ್ಮ ದೇಶದಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಕೊಡೆ ಇಲ್ಲದೆ ಹುಟ್ಟಿದವರೂ ನಮ್ಮಲ್ಲಿದ್ದಾರೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೂದಲು, ರೆಪ್ಪೆ, ಚರ್ಮ ಎಲ್ಲ ಬೆಳ್ಳಗಿರುತ್ತವೆ. ಅವರಿಗೆ ಬಿಸಿಲು ನಿಜವಾಗಿಯೂ ಅಪಾಯ. ನಿಮ್ಮ ತರಗತಿಯಲ್ಲಿ ಅಂಥ ಗೆಳೆಯನಿದ್ದರೆ ಪ್ರಾರ್ಥನೆಯ ಸಾಲಿನಲ್ಲಿ ಅವನಿಗೆ ನೆರಳಿನ ಜಾಗ ಬಿಟ್ಟುಕೊಡಿ, ಅವನ ಟೋಪಿ ಕಿತ್ತು ಆಡಬೇಡಿ.

ಮಗ ಇನ್ನೊಂದು ವಿಚಿತ್ರ ಹೇಳಿದ. ಬಿಳಿಯರು ಮೈಬಣ್ಣ ಕಂದು ಮಾಡಿಕೊಳ್ಳಲು ದುಡ್ಡು ಕೊಟ್ಟು ಒಂದು ಯಂತ್ರದ ಹಾಸಿಗೆಯಲ್ಲಿ ಮಲಗುತ್ತಿದ್ದರಂತೆ. ಸನ್‌ಬೆಡ್ ಎಂದು ಅದರ ಹೆಸರು. ಮೇಲೂ ಕೆಳಗೂ ಕೊಳವೆ ದೀಪಗಳು, ಅವುಗಳಿಂದ ಅದೇ ನೇರಳಾತೀತ ಕಿರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಯಂತ್ರವನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಪಟ್ಟಿಯಲ್ಲಿ. 30 ವರ್ಷ ತುಂಬುವ ಮೊದಲೇ ಆ ಹಾಸಿಗೆ ಹತ್ತಿದವರಿಗೆ ಮೆಲನೋಮಾ ಎಂಬ ಉಗ್ರ ಕ್ಯಾನ್ಸರ್ ಬರುವ ಸಂಭವ ಶೇ 75ರಷ್ಟು ಹೆಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅದೇ ವರ್ಷ ಬ್ರೆಜಿಲ್ ದೇಶ ಅದನ್ನು ನಿಷೇಧಿಸಿತು. ಮೆಲ್ಬರ್ನ್‌ನಲ್ಲಿ 2015ರ ಆರಂಭದಿಂದ ದುಡ್ಡು ಪಡೆದು ಸನ್‌ಬೆಡ್ ಸೇವೆ ಕೊಡುವಂತಿಲ್ಲ. ಇಷ್ಟು ನಿಮಿಷ ಮಲಗಿದರೆ ಸುರಕ್ಷಿತ ಎಂಬ ಲೆಕ್ಕವೇ ಅದರಲ್ಲಿ ಇಲ್ಲ.

ಆದರೆ ಒಂದು ಮಾತು. ತೊನ್ನು ಮುಂತಾದ ತೊಂದರೆಗಳಿಗೆ ಚರ್ಮದ ವೈದ್ಯರು ಆಸ್ಪತ್ರೆಯಲ್ಲಿ ಅಳೆದು ಕೊಡುವ ಬೆಳಕಿನ ಚಿಕಿತ್ಸೆ ಬೇರೆ. ಅದು ಔಷಧಿ. ಇದನ್ನು ಓದಿ ಯಾರೂ ಅದನ್ನು ನಿಲ್ಲಿಸಬಾರದು.

ಕಪ್ಪಾಗಲು ಅಲ್ಲಿ ಹಾಸಿಗೆ, ಬೆಳ್ಳಗಾಗಲು ಇಲ್ಲಿ ಕ್ರೀಮು. ನಮ್ಮ ತೀನ್ ಕಂದೀಲ್ ಸುತ್ತಿನ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಕೇಳಿ ಒಯ್ಯುವ ಹುಡುಗಿಯರನ್ನು ನಾನೇ ನೋಡಿದ್ದೇನೆ. ಅಂಥ ಕೆಲವು ಮುಲಾಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ, ಚರ್ಮ ತೆಳುವಾಗುತ್ತದೆ. ದೇವರು ಕೊಟ್ಟ ಕೊಡೆಯ ಬಣ್ಣ ತೆಗೆಯಲು ದುಡ್ಡು ಸುರಿಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಈಗ ಅಕ್ಕನ ಕಥೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ ಹತ್ತು, ನನಗೆ ನಾಲ್ಕು ವರ್ಷವಿದ್ದಾಗ, ನನಗೆ ನೀರು ಹಾಕಲೆಂದು ಹಂಡೆಯಿಂದ ಕುದಿಯುವ ನೀರು ತೋಡಿಕೊಂಡು ಬರುವಾಗ ಬಚ್ಚಲಲ್ಲಿ ಜಾರಿದಳು. ಚರಿಗೆಯ ನೀರೆಲ್ಲ ಅವಳ ಎಡಗಾಲಿನ ಮೇಲೆ ಬಿತ್ತು. ಆ ಚೀರಾಟ ನನಗೆ ಇನ್ನೂ ಮಸುಕಾಗಿ ನೆನಪಿದೆ. ಅದೆಷ್ಟೋ ತಿಂಗಳಿಗೆ ಗಾಯ ಒಣಗಿತು. ಮೊಳಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗೆ ಚರ್ಮ ಸುಕ್ಕುಗಟ್ಟಿ, ಹೊಳೆಯುವ ಕಲೆಯಾಗಿ ಉಳಿಯಿತು. ಅವಳ ಮದುವೆಯ ಮಾತುಕತೆಯಲ್ಲಿ ಅವ್ವ ಆ ಕಾಲನ್ನು ಮುಚ್ಚಿಡಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂದಿನಿಂದ ಅಕ್ಕನಿಗೆ ಸೀರೆಯನ್ನು ಪಾದ ಮುಚ್ಚುವಂತೆ ಉಡುವ ರೂಢಿ.

ಅವಳನ್ನು ಕೊಟ್ಟದ್ದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ. ಕೃಷ್ಣೆಯ ದಂಡೆ ದೂರವಿಲ್ಲ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾಗಿ ದೇವದುರ್ಗದ ಶಾಖೆಯಲ್ಲಿದ್ದಾಗ ವಾರಕ್ಕೊಮ್ಮೆ ಅವಳ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ ನನಗೆ ಬಸ್ಸಿನಲ್ಲಿ ಬರುತ್ತಿತ್ತು. ಮಾನ್ವಿಗೆ ವರ್ಗವಾದ ಮೇಲೂ ತಪ್ಪಲಿಲ್ಲ. ವರ್ಷಕ್ಕೊಮ್ಮೆ ತಿಂಥಣಿ ಮೌನೇಶ್ವರನ ಜಾತ್ರೆಗೆ ಅವಳು ನಡೆದೇ ಹೋಗುತ್ತಿದ್ದಳು. ಸುಟ್ಟ ಕಾಲು ಅವಳ ನಡಿಗೆಯನ್ನು ಎಂದೂ ತಡೆದಿರಲಿಲ್ಲ.

ನಾನು ನಿವೃತ್ತನಾಗಿ ರಾಯಚೂರಿನಲ್ಲಿ ನೆಲೆಸಿದ ಮೇಲೆ, 2017ರ ಶ್ರಾವಣದಲ್ಲಿ ಅವಳು ಬಂದಿದ್ದಳು. ಯಾರೂ ಇಲ್ಲದ ಹೊತ್ತು ನೋಡಿ ಸೀರೆ ಸ್ವಲ್ಪ ಸರಿಸಿ, "ತಮ್ಮಾ, ಹಳೇ ಕಲೆ ಒಡದದ ನೋಡೋ. ಒಣಗವಲ್ದು" ಎಂದಳು. ಎಂಟಾಣೆ ನಾಣ್ಯದಷ್ಟು ಹುಣ್ಣು. ನಾನು ಕನ್ನಡಕ ಏರಿಸಿ ನೋಡಿದೆ. "ಹೊಲದಾಗ ಏನರ ತಗಲಿರಬೇಕು, ಇಲ್ಲಾ ಶುಗರ್ ಇರಬೇಕು. ಮುಲಾಮು ಹಚ್ಚು, ಮಾಯ್ತದ" ಎಂದೆ. ಶುಗರ್ ಪರೀಕ್ಷೆ ಮಾಡಿಸಿದೆ. ಇರಲಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಖರ್ಚಿನ ಡೈರಿ ಬರೆಯುವ ಚಟ ನನಗೆ. ಆ ದಿನದ ಪುಟದಲ್ಲಿ ಈಗಲೂ ಇದೆ: "ಅಕ್ಕನ ಕಾಲಿಗೆ ಮುಲಾಮು, 45 ರೂಪಾಯಿ."

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದು ಒಂದಿರುತ್ತದೆ. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದ ಹಣವನ್ನು ತಾತ್ಕಾಲಿಕವಾಗಿ ಅದರಲ್ಲಿ ಇಡುತ್ತೇವೆ. ಬೇಗ ವಿಚಾರಿಸಿ ಅದನ್ನು ಸರಿಯಾದ ಖಾತೆಗೆ ಹಾಕಬೇಕು. ಹಳೆಯದಾದಷ್ಟೂ ಅದನ್ನು ಬಿಡಿಸುವುದು ಕಷ್ಟ. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ತೆರೆಯುವುದೇ ಆ ಪುಸ್ತಕ. ಮೂವತ್ತಕ್ಕೂ ಹೆಚ್ಚು ವರ್ಷ ಆ ಪಾಠ ಕಲಿತ ನಾನು ಅಕ್ಕನ ಹುಣ್ಣನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮರೆತೆ.

ಅವಳು ಮತ್ತೆ ಕೇಳಲಿಲ್ಲ. ಓದಿದ ತಮ್ಮ ಮಾಯುತ್ತದೆ ಎಂದಿದ್ದಾನೆ, ಮಾಯುತ್ತದೆ ಎಂದು ನಂಬಿದಳು. ಅರಿಸಿನ, ಬೇವಿನೆಣ್ಣೆ, ಊರವರು ಹೇಳಿದ ಸೊಪ್ಪು ಎಲ್ಲ ಆಯಿತು. ಒಬ್ಬರು ಇಂಜೆಕ್ಷನ್ ಕೊಟ್ಟರು, ಇನ್ನೊಬ್ಬರು ಪುಡಿ ಉದುರಿಸಿದರು. ನಡುವೆ ಸ್ವಲ್ಪ ಒಣಗಿದಂತಾಗಿ ಮತ್ತೆ ಒಡೆಯಿತು.

2019ರ ಏಪ್ರಿಲ್‌ನಲ್ಲಿ ಯುಗಾದಿಗೆ ನಾವೆಲ್ಲ ಅವಳ ಊರಿಗೆ ಹೋದೆವು. ನನ್ನ ಮಗಳ ಮಗಳು ಪುಟ್ಟಿ ಆಗ ಐದನೇ ಇಯತ್ತೆ ಮುಗಿಸಿದ್ದಳು. ನಾನು ಅಕ್ಕ ಅನ್ನುವುದನ್ನು ಕೇಳಿ ಕೇಳಿ ಅವಳು ತನ್ನ ಲೆಕ್ಕದಲ್ಲಿ "ಅಕ್ಕಜ್ಜಿ" ಮಾಡಿಕೊಂಡಿದ್ದಳು. ಬೇವು ಬೆಲ್ಲ ತಿಂದು ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತಾ ಬಂದ ಪುಟ್ಟಿ ಅಕ್ಕನ ಕಾಲಿಗೆ ಬಗ್ಗಿದವಳು ಹಾಗೇ ನಿಂತಳು. ಸೀರೆಯ ಅಂಚಿನ ಕೆಳಗೆ ಬಟ್ಟೆಯ ಕಟ್ಟು, ಅದರ ಮೇಲೆ ರಕ್ತದ ಕಲೆ.

"ಅಕ್ಕಜ್ಜಿ, ನಿಮ್ಮ ಕಾಲು ವಾಸನಿ ಬರಾಕ ಹತ್ಯದ" ಎಂದಳು.

ದೊಡ್ಡವರೆಲ್ಲ "ಏಯ್, ಹಂಗೆಲ್ಲ ಅನಬಾರದು" ಎಂದು ಗದರಿದೆವು. ಅವಳು ಜಗ್ಗಲಿಲ್ಲ. "ಗಾಯ ಮೂರು ನಾಲ್ಕು ವಾರದಾಗ ಮಾಯಬೇಕು ಅಂತ ನಮ್ಮ ಸಾಲ್ಯಾಗ ಹೇಳ್ಯಾರ. ಇದು ಎಷ್ಟು ದಿನ ಆತು?" ಎಂದಳು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಕಟ್ಟು ಬಿಚ್ಚಿದಾಗ ಕಂಡದ್ದನ್ನು ಮಕ್ಕಳು ಓದುವ ಪತ್ರಿಕೆಯಲ್ಲಿ ಪೂರ್ತಿ ಬರೆಯುವುದಿಲ್ಲ. ಅಂಗೈಯಷ್ಟು ಅಗಲವಾಗಿತ್ತು. ಅಂಚು ದಪ್ಪಗೆ ಮೇಲೆದ್ದಿತ್ತು. ಮುಟ್ಟಿದರೆ ರಕ್ತ.

ಮಾರನೇ ದಿನವೇ ರಾಯಚೂರಿಗೆ ಕರೆತಂದು ರಿಮ್ಸ್ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ವೈದ್ಯೆ ವಯಸ್ಸಿನಲ್ಲಿ ಚಿಕ್ಕವಳು. ಮೊದಲು ಹುಣ್ಣನ್ನಲ್ಲ, ಸುತ್ತಲಿನ ಹಳೆಯ ಕಲೆಯನ್ನು ನೋಡಿ, "ಸುಟ್ಟಿದ್ದು ಯಾವಾಗ ಅಜ್ಜಿ?" ಎಂದು ಕೇಳಿದಳು. ಆಮೇಲೆ ತೊಡೆಸಂದಿಯಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಿದಳು. ಅಂಚಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಬಯಾಪ್ಸಿ ಎನ್ನುತ್ತಾರೆ ಎಂದಳು.

ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು. "ಚುಚ್ಚಿದ್ರ ಬ್ಯಾನಿ ಮೈತುಂಬ ಹಬ್ಬತದಂತ, ಬ್ಯಾಡವ್ವ." ಈ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆ ವೈದ್ಯೆ ಬೇಸರಪಡದೆ ಹೇಳಿದಳು: "ಅಜ್ಜೀ, ಚುಚ್ಚಿದ್ದಕ್ಕ ಹಬ್ಬಂಗಿಲ್ಲ. ಚುಚ್ಚಿ ನೋಡದೇ ಬಿಟ್ಟದ್ದಕ್ಕ ಹಬ್ಬತದ." ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದಲ್ಲಿ ಮುಗಿಸಿದಳು.

ವರದಿ ಬಂದಾಗ ಅದು ಸ್ಕ್ವಾಮಸ್ ಸೆಲ್ ಕ್ಯಾನ್ಸರ್. ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಒಣಗದ ಹುಣ್ಣಿನಲ್ಲಿ ಹುಟ್ಟುವ ಇಂಥದ್ದಕ್ಕೆ ಮಾರ್ಜೊಲಿನ್ ಹುಣ್ಣು ಎಂದು ಹೆಸರು. 1828ರಲ್ಲೇ ಇಂಥ ಹುಣ್ಣುಗಳ ಬಗ್ಗೆ ಬರೆದ ಫ್ರೆಂಚ್ ಶಸ್ತ್ರವೈದ್ಯ ಮಾರ್ಜೊಲಿನ್ ಅವರ ಹೆಸರು ಅದು. ಸುಟ್ಟು ಮೂವತ್ತು, ನಲವತ್ತು, ಅದಕ್ಕೂ ಹೆಚ್ಚು ವರ್ಷಗಳಾದ ಮೇಲೆ ಬರುವುದುಂಟು. ನನಗೆ ನೀರು ಹಾಕಲು ಹೋಗಿ ಸುಟ್ಟ ಗಾಯ ಅರುವತ್ತು ವರ್ಷಗಳ ನಂತರ ಹೀಗೆ ಎದ್ದು ಬಂದಿತ್ತು.

ನಮ್ಮ ದೇಶದ ಚರ್ಮದ ಕ್ಯಾನ್ಸರಿನ ಕಥೆಯೇ ಬೇರೆ ಎಂದು ಆಮೇಲೆ ಓದಿ ತಿಳಿದೆ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ. ದಿನಾ ತಾಗುವ ಆ ಬಿಸಿಯಿಂದ ಹೊಟ್ಟೆ, ತೊಡೆಯ ಚರ್ಮಕ್ಕೆ ಕ್ಯಾನ್ಸರ್ ಬಂದದ್ದನ್ನು 19ನೇ ಶತಮಾನದಲ್ಲೇ ವೈದ್ಯರು ದಾಖಲಿಸಿದ್ದಾರೆ. ಧೋತರವನ್ನೋ ಲಂಗದ ಲಾಡಿಯನ್ನೋ ಸೊಂಟದ ಒಂದೇ ಜಾಗದಲ್ಲಿ ಜೀವಮಾನವಿಡೀ ಬಿಗಿದು ಕಟ್ಟಿದವರಿಗೆ ಅಲ್ಲಿ ಚರ್ಮ ತಿಕ್ಕಿ ಕಪ್ಪಾಗಿ, ಒಡೆದು, ಅಪರೂಪಕ್ಕೆ ಕ್ಯಾನ್ಸರ್ ಆದದ್ದುಂಟು. ಲಾಡಿಯನ್ನು ಸ್ವಲ್ಪ ಸಡಿಲ ಮಾಡಿ, ಜಾಗ ಬದಲಿಸಿ, ಅಗಲವಾದ ಪಟ್ಟಿ ಹಾಕಿ ಹೊಲಿಸಿಕೊಂಡರೆ ಸಾಕು. ಅಜ್ಜಿಯರಿಗೆ ಇದನ್ನು ಹೇಳಲು ಮೊಮ್ಮಗಳೇ ಸರಿ, ನಾವು ಗಂಡಸರು ಹೇಳಿದರೆ ಚೆನ್ನಾಗಿರುವುದಿಲ್ಲ.

ಇನ್ನೊಂದು ನಮ್ಮ ಮಗ್ಗುಲಲ್ಲೇ ಇದೆ, ನೀರಿನಲ್ಲಿ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಲಂಬಾಣಿಗರ ತಾಂಡಾ ಇದೆ. ಹತ್ತಿರದ ಮಂಗಳೂರು ಎಂಬ ಊರಿನ ಬಳಿ ಹಿಂದೆ ಚಿನ್ನದ ಗಣಿ ಇತ್ತು. ನಮ್ಮ ಹಟ್ಟಿಯಂತೆ ಅದೂ ಚಿನ್ನ ಹೊತ್ತ ಕಲ್ಲಿನ ನೆಲ. ಅಂಥ ಕಲ್ಲಿನಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಎಂಬ ವಿಷವೂ ಇರುತ್ತದೆ, ಅದು ಕೊಳವೆಬಾವಿಯ ನೀರಿಗೆ ಇಳಿಯುತ್ತದೆ. ಕಲ್ಕತ್ತೆಯ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿಯವರು ಇಲ್ಲಿನ ವೈದ್ಯರ ಜೊತೆ ಸೇರಿ ಪರೀಕ್ಷೆ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದು ಲೀಟರ್ ಕುಡಿಯುವ ನೀರಿನಲ್ಲಿ 10 ಮೈಕ್ರೊಗ್ರಾಂ ಮೀರಬಾರದ ಆರ್ಸೆನಿಕ್ ಅಲ್ಲಿನ ಬಹುಪಾಲು ಕೊಳವೆಬಾವಿಗಳಲ್ಲಿ ಮೀರಿತ್ತು. ನೋಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆ ವಿಷದ ಗುರುತುಗಳಿದ್ದವು. ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಕಾಳಿನಂಥ ಗಂಟು, ಮೈಮೇಲೆ ಮಳೆಹನಿ ಬಿದ್ದಂತೆ ಚುಕ್ಕೆ. ವರ್ಷಗಟ್ಟಲೆ ಅದೇ ನೀರು ಕುಡಿದರೆ ಅಂಥ ಗಂಟು ಮುಂದೆ ಕ್ಯಾನ್ಸರ್ ಆಗಬಹುದು.

ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದೊಂದೇ ದಾರಿ. ಲಿಂಗಸುಗೂರು, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳ ಮಕ್ಕಳು ಗ್ರಾಮ ಪಂಚಾಯಿತಿಯವರನ್ನು "ನಮ್ಮ ಬೋರಿನ ನೀರನ್ನು ಆರ್ಸೆನಿಕ್‌ಗೆ ಪರೀಕ್ಷೆ ಮಾಡಿಸೀರೇನ್ರೀ?" ಎಂದು ಕೇಳಬಹುದು. ಮಕ್ಕಳು ಕೇಳಿದರೆ ದೊಡ್ಡವರಿಗೆ ತಪ್ಪಿಸಿಕೊಳ್ಳುವುದು ಕಷ್ಟ. ಅದು ನನಗೆ ಅನುಭವದಿಂದ ಗೊತ್ತು.

ಅಕ್ಕನನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸಲು ರಾಯಚೂರಿನಲ್ಲೇ ಪತ್ರ ಬರೆದುಕೊಟ್ಟರು. 1973ರಲ್ಲಿ ಆರಂಭವಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅದು. ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಆದರೆ ಅವಳಿಗೆ ಆಪರೇಷನ್ ಜೊತೆಗೆ ಚರ್ಮ ಕಸಿಯೂ ಬೇಕಿತ್ತು. ಹೊರಡುವ ಮುನ್ನ ಹಳ್ಳಿಯ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅಕ್ಕನ ತಟ್ಟೆ, ಚರಿಗೆ, ಹಾಸಿಗೆ ಎಲ್ಲ ಬೇರೆ ಮಾಡಿಬಿಟ್ಟಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಅಂಟುತ್ತದೆ ಎಂಬ ಹೆದರಿಕೆಯಿಂದ. ಅಕ್ಕ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಊಟ ಬಿಟ್ಟಳು. ಪುಟ್ಟಿ ಹೋಗಿ ಅವಳ ಪಕ್ಕ ಕೂತು, ಅವಳದೇ ಚರಿಗೆಯಿಂದ ನೀರು ಕುಡಿದು, ಬಾಯಿ ಒರೆಸಿಕೊಂಡು, "ಕ್ಯಾನ್ಸರ್ ಅಂಟಂಗಿಲ್ಲ, ಡಾಕ್ಟರ್ ಹೇಳ್ಯಾರ. ನೀವು ಉಣ್ರಿ ಅಕ್ಕಜ್ಜಿ" ಎಂದಳು. ಆ ಸಂಜೆ ಅಕ್ಕನ ಸೊಸೆ ತಾನಾಗಿಯೇ ಆ ತಟ್ಟೆಯನ್ನು ಎಲ್ಲ ತಟ್ಟೆಗಳ ಜೊತೆ ತೊಳೆದು ಇಟ್ಟಳು.

ದುಡ್ಡಿನ ಚಿಂತೆ ಎಲ್ಲ ಮನೆಗಳಲ್ಲೂ ಮೊದಲು ಬರುತ್ತದೆ. ಅದಕ್ಕೇ ಹೆದರಿ ಎಷ್ಟೋ ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಆದ್ದರಿಂದ ನನಗೆ ತಿಳಿದ ಲೆಕ್ಕ ಹೇಳುತ್ತೇನೆ. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡ ಪತ್ರ ಜೊತೆಗಿರಲಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ಬೋಗಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗಾರರಿಗೆ ಮುಕ್ಕಾಲು ಪಾಲು. ಅದರ ಪ್ರಮಾಣಪತ್ರಕ್ಕೆ ಆಸ್ಪತ್ರೆಯವರೇ ಸಹಿ ಹಾಕುತ್ತಾರೆ. ನಾವು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ಕೈಯಿಂದ ಖರ್ಚಾದದ್ದು ಊಟ, ಆಟೊ, ಒಂದಿಷ್ಟು ಔಷಧಿ, ಮತ್ತು ಅಕ್ಕನ ಮಗ ಬಿಟ್ಟ ಬೇಸಾಯದ ದಿನಗಳು. ಈ ಕೊನೆಯದ್ದನ್ನು ಯಾವ ಕಾರ್ಡೂ ಕೊಡುವುದಿಲ್ಲ. ಅದಕ್ಕೆ ಬಂಧುಗಳೇ ಬೇಕು. ಪಕ್ಕದ ಹೊಲದವರು ಅವನ ಹೊಲಕ್ಕೂ ಗಳೆ ಹೊಡೆದುಕೊಟ್ಟರು.

ಆಸ್ಪತ್ರೆಯ ಹಜಾರದಲ್ಲಿ ನಮ್ಮ ಕಡೆಯ ಮಾತು ಕೇಳಿ ಒಬ್ಬ ರೈತ ಬಂದು ಪಕ್ಕ ಕೂತ. ಅವನ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಎದ್ದಿತ್ತಂತೆ. ಜಾಲಿಮುಳ್ಳು ಮುರಿದು ಒಳಗೆ ಉಳಿದಿದೆ ಎಂದು ಒಂದು ವರ್ಷ ಪಿನ್ನಿನಿಂದ ಕೆದರಿದ್ದನಂತೆ. ಅದು ಮೆಲನೋಮಾ. ನಮ್ಮಂಥ ಕಪ್ಪು ಚರ್ಮದವರಿಗೆ ಮೆಲನೋಮಾ ಬಂದರೆ ಹೆಚ್ಚಾಗಿ ಬಿಸಿಲು ಕಾಣದ ಜಾಗದಲ್ಲೇ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಹೋದದ್ದು ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಅವನೂ ಅದನ್ನು ಫುಟ್‌ಬಾಲಿನ ಪೆಟ್ಟು ಅಂದುಕೊಂಡಿದ್ದ. ಆ ರೈತ ಮತ್ತು ಅಕ್ಕ ದಿನಾ ಸಂಜೆ ಮಾತಾಡುತ್ತಿದ್ದರು. ಮಳೆ, ಹತ್ತಿಯ ಬೆಲೆ, ಮೊಮ್ಮಕ್ಕಳು. ನಾನು ಎಷ್ಟು ಧೈರ್ಯ ಹೇಳಿದರೂ ಮಲಗದ ಅಕ್ಕ ಆ ಮಾತು ಮುಗಿಸಿ ಬಂದ ದಿನ ನಿದ್ದೆ ಮಾಡುತ್ತಿದ್ದಳು. ಅದೇ ದಾರಿಯಲ್ಲಿ ನಡೆಯುತ್ತಿರುವವರ ಮಾತಿಗೆ ಬೇರೆಯೇ ಶಕ್ತಿ ಇದೆ.

ಗಂಟು ಒಳಗೆ ಹರಡಿರಲಿಲ್ಲ. ಕಾಲು ಉಳಿಯಿತು. ಆದರೆ ಎಲುಬಿನ ಮೇಲಿನವರೆಗೆ ಮಾಂಸ ತೆಗೆದು, ತೊಡೆಯ ಚರ್ಮ ತಂದು ಹಚ್ಚಬೇಕಾಯಿತು. ಬಿಟ್ಟುಹೋಗುವ ದಿನ ನಾನು ಶಸ್ತ್ರವೈದ್ಯರನ್ನು ಕೇಳಬಾರದ ಪ್ರಶ್ನೆ ಕೇಳಿದೆ: "ಎರಡು ವರ್ಷ ಮೊದಲೇ ಬಂದಿದ್ದರೆ?" ಅವರು ಸುಳ್ಳು ಹೇಳಲಿಲ್ಲ. "ಸಣ್ಣ ಆಪರೇಷನ್‌ನಲ್ಲಿ ಮುಗಿಯುತ್ತಿತ್ತು ಸರ್" ಎಂದರು.

ಅಕ್ಕ ಈಗಲೂ ಇದ್ದಾಳೆ. ಎಂಬತ್ತರ ಹತ್ತಿರ. ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾಳೆ. ತಿಂಥಣಿಗೆ ನಡೆದು ಹೋಗಲು ಆಗುವುದಿಲ್ಲ. ಜಾತ್ರೆಯ ದಿನ ಜನ ಮನೆಯ ಮುಂದೆ ಹಾದು ಹೋಗುವಾಗ ಕಟ್ಟೆಯ ಮೇಲೆ ಕೂತು ಕೈ ಮುಗಿಯುತ್ತಾಳೆ. ಆ ಹೊತ್ತಿಗೆ ನಾನು ಅಲ್ಲಿದ್ದರೆ ಒಳಗೆ ಎದ್ದು ಹೋಗುತ್ತೇನೆ. ಒಮ್ಮೆ ಅವಳೇ, "ಯಾಕೋ ತಮ್ಮಾ, ಎದ್ದು ಹೋಗ್ತೀ? ನೀ ಡಾಕ್ಟರ್ ಅಲ್ಲ ಅಂತ ನನಗ ಗೊತ್ತಿರಲಿಲ್ಲ, ನಿನಗ ಗೊತ್ತಿತ್ತು. ಅಷ್ಟ ತಪ್ಪು" ಎಂದು ನಕ್ಕಳು. ಅಷ್ಟೇ ತಪ್ಪು. ಗೊತ್ತಿಲ್ಲ ಎಂದು ಹೇಳಬೇಕಾದಲ್ಲಿ ಮುಲಾಮು ಹೆಸರು ಹೇಳಿದ್ದೆ.

ಇಷ್ಟನ್ನೂ ಕೇಳಿದ ಮೆಲ್ಬರ್ನ್ ಮೊಮ್ಮಗ ಕೊನೆಗೆ ಕೇಳಿದ್ದು, "ಹಾಗಾದ್ರೆ ನಿಮ್ಮೂರಲ್ಲಿ ಟೋಪಿ ಬೇಡ್ವಾ ತಾತಾ?" ಬೇಕು ಎಂದೆ. ನೇರಳಾತೀತ ಕಿರಣವನ್ನು ಅಳೆಯುವ ಒಂದು ಅಂಕ ಇದೆ. ಮೂರು ದಾಟಿದರೆ ಎಚ್ಚರ ಬೇಕು, ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಅದು ಹತ್ತು ದಾಟುವುದು ಸಾಮಾನ್ಯ. ಚರ್ಮ ಸುಕ್ಕಾಗುವುದಕ್ಕೆ, ಕಣ್ಣಿನ ಪೊರೆಗೆ, ಬಿಸಿಲು ಬಡಿದು ಬೀಳುವುದಕ್ಕೆ ನಾವೂ ಹೊರತಲ್ಲ. ಯಂತ್ರ ಬೇಡ, ನಿಮ್ಮ ನೆರಳೇ ಸಾಕು. ನೆರಳು ನಿಮಗಿಂತ ಉದ್ದವಿದ್ದರೆ ಆಡಿ, ಗಿಡ್ಡವಾದರೆ ಮರದ ಕೆಳಗೆ ಹೋಗಿ. ಮಾನ್ವಿಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳು ಗಂಡಸರ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ಸೆರಗು ಸುತ್ತಿರುವುದು, ದೇವದುರ್ಗದ ರೈತ ನಸುಕಿನಲ್ಲೇ ಹೊಲಕ್ಕೆ ಹೋಗಿ ಉರಿಬಿಸಿಲಿಗೆ ರುಮಾಲು ಬಿಚ್ಚಿ ಬೇವಿನ ನೆರಳಿಗೆ ಬರುವುದು ಇದೇ ಪಾಠ. ಕಡಲಹಕ್ಕಿ ಹೇಳುವ ಮೊದಲೇ ನಮ್ಮವರಿಗೆ ಗೊತ್ತಿತ್ತು.

ಮಕ್ಕಳೇ, ನಿಮಗೆ ಒಂದು ಕೆಲಸ ಕೊಡುತ್ತೇನೆ. ಹಬ್ಬದ ದಿನ ಅಜ್ಜ ಅಜ್ಜಿಯರ ಕಾಲಿಗೆ ನಮಸ್ಕಾರ ಮಾಡುವಾಗ ಕಣ್ಣು ಮುಚ್ಚಬೇಡಿ. ಪಾದ ನೋಡಿ. ನಾಲ್ಕು ವಾರವಾದರೂ ಮಾಯದ ಗಾಯ, ಹಳೆಯ ಸುಟ್ಟ ಕಲೆಯಲ್ಲಿ ಒಡೆದ ಹುಣ್ಣು, ಅಂಗಾಲಿನಲ್ಲೋ ಉಗುರಿನಲ್ಲೋ ಹೊಸದಾಗಿ ಬಂದು ದೊಡ್ಡದಾಗುತ್ತಿರುವ ಕಪ್ಪು ಮಚ್ಚೆ ಕಂಡರೆ ಅಪ್ಪ ಅಮ್ಮನಿಗೆ ಹೇಳಿ. ಗದರಿದರೂ ಹೇಳಿ. ಬಹಳ ಸಲ ಅದು ಏನೂ ಆಗಿರುವುದಿಲ್ಲ. ಏನೂ ಅಲ್ಲ ಎಂದು ವೈದ್ಯರು ಹೇಳಲಿ, ನನ್ನಂಥ ತಾತ ಹೇಳಬಾರದು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ನೋಡಲು ಬಂದರೆ ಸೀರೆ, ಧೋತರ ಕೆಳಗೆ ಎಳೆಯಬೇಡಿ.

ಪುಟ್ಟಿ ಈಗ ಪಿಯುಸಿ ಓದುತ್ತಿದ್ದಾಳೆ. ಈ ಯುಗಾದಿಗೂ ನಮ್ಮೆಲ್ಲರಿಗೂ ನಮಸ್ಕಾರ ಮಾಡಿದಳು. ನನ್ನ ಕಾಲಿನ ಬಳಿ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದ್ದಳು. "ಏನವ್ವ, ಆತೇನು?" ಎಂದೆ. "ತಡ್ರಿ ತಾತಾ, ಇನ್ನೊಂದು ಕಾಲು ಉಳದದ" ಎಂದಳು.